ಅಳಿಯ ಕೂರಿಸಿದ ಪಿಸ್ಟನ್

ಎಲ್ಲದಕ್ಕೂ ಕಾರಣ ಒಂದು ಗೀರು. ಕೂದಲೆಳೆಯಷ್ಟು ಸಣ್ಣದು, ಉಗುರು ತಾಗಿಸಿ ಎಳೆದರೆ ಮಾತ್ರ ಗೊತ್ತಾಗುವಂಥದ್ದು. ಅದು ಊಟದ ಮೇಜಿನ ಮೇಲೆ ಬಿದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಬಿದ್ದದ್ದು ಒಂದು ರ‍್ಯಾಲಿ ಕಾರಿನ ಎಂಜಿನ್ನಿನಲ್ಲಿ, ಮೂರನೆಯ ಸಿಲಿಂಡರಿನ ಒಳಗೋಡೆಯ ಮೇಲೆ. ಅಂಥ ಗೀರು ಹೋಗಬೇಕಾದರೆ ಗೋಡೆಯನ್ನು ಕೊರೆಸಿ ತುಸು ಅಗಲ ಮಾಡಿಸಬೇಕು. ಅಗಲವಾದ ತೂತಿಗೆ ಹಳೆಯ ಪಿಸ್ಟನ್ ಸಡಿಲವಾಗುತ್ತದೆ, ಆದ್ದರಿಂದ ದಪ್ಪದ ಪಿಸ್ಟನ್ ತರಬೇಕು. ಒಂದಕ್ಕೆ ಮಾಡಿದ್ದನ್ನು ಉಳಿದೆರಡು ಸಿಲಿಂಡರಿಗೂ ಮಾಡಬೇಕು. ಎಂಜಿನ್ನಿನಲ್ಲಿ ಮಲತಾಯಿ ಧೋರಣೆ ನಡೆಯುವುದಿಲ್ಲ.

ಕಾರು ಪುಟ್ಟದು. ನಾಲ್ಕು ಜನ ಕೂತರೆ ಐದನೆಯವರ ಚೀಲಕ್ಕೂ ಜಾಗವಿಲ್ಲ. ಆದರೂ ಅದರ ಎಂಜಿನ್ನಿನ ಪಕ್ಕದಲ್ಲಿ ಟರ್ಬೊ ಎಂಬ, ಬಸವನಹುಳುವಿನಂತೆ ಸುತ್ತಿಕೊಂಡ ಒಂದು ಸಾಮಾನಿತ್ತು. ಅದು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನೊಳಗೆ ತುರುಕುತ್ತಿತ್ತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವಂತೆ ಈ ಕಾರು ಹದಿನೈದು ವರ್ಷಗಳಿಂದ ಸಣ್ಣ ಕಾರುಗಳ ವರ್ಗದಲ್ಲಿ ಓಡಿ ಸುತ್ತಮುತ್ತ ಹೆಸರು ಮಾಡಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಗ್ಯಾರೇಜು ಮಾವನದು, ಅದರ ಹಿಂದಿನ ಮನೆ ಮಾವನದು, ಕಾರೂ ಮಾವನದು. ಮೊದಲು ಅವನು ಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಫೋನಿನಲ್ಲೇ ಹೊತ್ತು ನೋಡಿಕೊಳ್ಳತೊಡಗಿದ ಮೇಲೆ ಅಂಗಡಿ ಮುಚ್ಚಿ, ಮದುವೆಯಾದ ವರ್ಷವೇ ಇಲ್ಲಿಗೆ ಬಂದು ಸ್ಪ್ಯಾನರ್ ಹಿಡಿದ. ಒಂಬತ್ತು ವರ್ಷವಾಯಿತು. ಹೊಸಬರಿಗೆ ಅವನನ್ನು ಪರಿಚಯಿಸುವಾಗ ಮಾವ, "ಇವರು ನಮ್ಮ ಅಳಿಯಂದ್ರು, ಅಂದ್ರೆ ನಮ್ಮ ಮಗಳ ಗಂಡ" ಎನ್ನುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಅವರಷ್ಟು ಗಂಭೀರವಾಗಿ ಬಳಸಿದವರು ಇನ್ನೊಬ್ಬರಿರಲಿಲ್ಲ. ಮೂರನೆಯ ಗುಣ ಯಾವುದಾದರೂ ಹೇಳುತ್ತಾರೇನೋ ಎಂದು ಅವನು ಒಂಬತ್ತು ವರ್ಷ ಕಾದಿದ್ದ.

ವರ್ಷಕ್ಕೊಮ್ಮೆ ರ‍್ಯಾಲಿ. ಕಾರು ಓಡಿಸುವವರು ಒಬ್ಬ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಕೂತು, ಮುಂದೆ ಎಡ ತಿರುವು, ಮುಂದೆ ಹಳ್ಳ ಎಂದು ದಾರಿ ಓದುವವಳು ಅಳಿಯನ ಹೆಂಡತಿ. ಅವಳು ಶಾಲೆಯಲ್ಲಿ ಲೆಕ್ಕದ ಮೇಡಂ. ಸಂಖ್ಯೆಗಳನ್ನು ಹೇಳುವಾಗ ಅವಳ ದನಿ ನಡುಗುವುದಿಲ್ಲ. ಅಳಿಯನ ಪಾಲಿಗೆ ಇದ್ದದ್ದು ವ್ಯಾನು. ಅದರಲ್ಲಿ ಜಾಕು, ಚಕ್ರ, ಎಣ್ಣೆ ಡಬ್ಬ ತುಂಬಿಕೊಂಡು ಹಿಂದೆ ಹೋಗಬೇಕು. ತನ್ನ ಹೆಂಡತಿಯನ್ನು ಕೂರಿಸಿಕೊಂಡು ಬೇರೊಬ್ಬರು ಧೂಳೆಬ್ಬಿಸಿ ಹೋಗುವುದನ್ನು ರಸ್ತೆ ಬದಿಯಲ್ಲಿ ನಿಂತು ನೋಡಬೇಕು. ಅವನಿಗೆ ಡಾಕ್ಟರ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಒಂದೇ ಒಂದು ಸಲ ಆ ಸೀಟಿನಲ್ಲಿ ತಾನು ಕೂರಬೇಕು, ಅವಳು ಎಡ ಎಂದಾಗ ಎಡಕ್ಕೆ ತಾನು ತಿರುಗಿಸಬೇಕು ಎಂಬ ಆಸೆ ಮಾತ್ರ ಇತ್ತು. ಅದು ಎಷ್ಟು ದೊಡ್ಡದಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು.

ಈ ವರ್ಷ ಡಾಕ್ಟರು ತಮ್ಮದೇ ಮನೆಯ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಅಳಿಯ ಯಾರಿಗೂ ಹೇಳದೆ ಹೋಗಿ ಪರೀಕ್ಷೆ ಕೊಟ್ಟು ರ‍್ಯಾಲಿ ಲೈಸೆನ್ಸ್ ತಂದ. ಅದನ್ನು ಮಾವನ ಕಾಫಿ ಲೋಟದ ಪಕ್ಕದಲ್ಲಿಟ್ಟು ನಿಂತ.

ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಆಯ್ತು ಅಳಿಯಂದ್ರೇ. ಆದ್ರೆ ಎಂಜಿನ್ ಕಟ್ಟದವನಿಗೆ ಎಂಜಿನ್ ಓಡ್ಸೋ ಹಕ್ಕಿಲ್ಲ. ನೀವೇ ಪಿಸ್ಟನ್ ಕೂರ್ಸಿ. ಶುಕ್ರವಾರ ಸಂಜೆ ಆರರೊಳಗೆ ಕಾರು ತಪಾಸಣೆ ಮುಗಿಸಿದ್ರೆ ಶನಿವಾರ ಸ್ಟೀರಿಂಗ್ ನಿಮ್ದು. ಇಲ್ಲಾಂದ್ರೆ ವ್ಯಾನ್ ತೊಳೆದು ಇಡಿ."

ಹೀಗೆ ಶುಕ್ರವಾರ ಬಂತು.

ಬೆಳಗ್ಗೆ ಆರೂವರೆಗೆ ಪಕ್ಕದ ಅಂಗಡಿಯ ಲೇತ್ ಮಾಸ್ಟರು ಎಂಜಿನ್ನಿನ ಬ್ಲಾಕನ್ನು ತಳ್ಳುಗಾಡಿಯಲ್ಲಿ ತಂದು ಇಳಿಸಿದರು. ಕೊರೆಯುವ ಕೆಲಸ ಅವರದೇ. ಮೂರೂ ಸಿಲಿಂಡರುಗಳು ಒಳಗೆ ಕನ್ನಡಿಯಂತೆ ಹೊಳೆಯುತ್ತಿದ್ದವು.

ಅಳಿಯ ತಾನು ತರಿಸಿಟ್ಟಿದ್ದ ಹೊಸ ಪಿಸ್ಟನ್ ತೆಗೆದು ಮೊದಲನೆಯ ತೂತಿಗೆ ಇಳಿಬಿಟ್ಟ. ಅದು ಕಟಕಟ ಅಲುಗಾಡಿತು.

"ಮಾಸ್ಟ್ರೇ, ಕಾಲು ಮಿಲಿ ಕೊರೀರಿ ಅಂತ ಹೇಳಿದ್ದೆ."

"ಹೇಳಿದ್ರಿ. ಕಾಲಿಗೆ ಗೀರು ಹೋಗ್ಲಿಲ್ಲ. ಅರ್ಧಕ್ಕೆ ಹೋಯ್ತು." ಮಾಸ್ಟರು ಕೈ ಒರೆಸಿಕೊಂಡರು. "ಎಂಜಿನ್ ಆಗ್ಲಿ ಮನಸ್ಸಾಗ್ಲಿ, ಸ್ವಲ್ಪ ವಿಶಾಲ ಆದ್ರೆ ನಷ್ಟ ಏನು?"

"ನನ್ ಹತ್ರ ಇರೋದು ಕಾಲು ಮಿಲಿ ದಪ್ಪದ ಪಿಸ್ಟನ್ನು!"

"ನನ್ ಹತ್ರ ಅರ್ಧದ್ದಿದೆ. ಎರಡು ವರ್ಷದ ಹಿಂದೆ ಒಬ್ರು ತರಿಸ್ಕೊಂಡು ಆಮೇಲೆ ಈ ಕಡೆ ತಲೆ ಹಾಕ್ಲಿಲ್ಲ. ಇದೇ ಎಂಜಿನ್ನಿಂದು. ತಗೊಳ್ಳಿ."

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಮಾಸ್ಟರು ತಮ್ಮ ಅಂಗಡಿಯ ಬೀರು ತೆಗೆದು ಎಣ್ಣೆಕಾಗದದಲ್ಲಿ ಸುತ್ತಿದ್ದ ಎರಡು ಪಿಸ್ಟನ್, ಒಂದು ಕಟ್ಟು ರಿಂಗು ಕೊಟ್ಟರು. ಮೂರನೆಯದು ಎಲ್ಲಿ ಎಂದು ಕೇಳಿದ್ದಕ್ಕೆ ರಸ್ತೆಯಾಚೆ ಬೆರಳು ತೋರಿಸಿದರು.

ರಸ್ತೆಯಾಚೆ ಟೈಲರ್ ಅಂಗಡಿ. ಟೈಲರ್ ಮೇಜಿನ ಮೇಲೆ ಬೂದು ಬಣ್ಣದ ಕೋಟಿನ ಬಟ್ಟೆ ಹರಡಿ ಕತ್ತರಿ ಹಿಡಿದಿದ್ದ. ಬಟ್ಟೆ ಸರಿಯದಂತೆ ಅದರ ಒಂದು ಮೂಲೆಯ ಮೇಲೆ ಮೂರನೆಯ ಪಿಸ್ಟನ್ ಪದ್ಮಾಸನ ಹಾಕಿದಂತೆ ಕೂತಿತ್ತು.

"ಇದನ್ನ ಎತ್ತೋ ಹಾಗಿಲ್ಲ" ಎಂದ ಟೈಲರ್. "ಎರಡು ವರ್ಷದಿಂದ ನನ್ ಬಟ್ಟೆ ಹಿಡ್ಕೊಂಡಿದೆ. ಈಗ ಎತ್ತಿದ್ರೆ ಕೋಟಿನ ಎಡಭುಜ ಬಲಕ್ಕೆ ಬರುತ್ತೆ."

"ಒಂದಕ್ಕೆ ಎರಡು ಕೊಡ್ತೀನಿ ಕಣಯ್ಯಾ. ಹೊಸದು. ಪೆಟ್ಟಿಗೆ ಕೂಡ ಒಡೆದಿಲ್ಲ."

ಟೈಲರ್ ಯೋಚಿಸಿದ. ಕಾಲು ಮಿಲಿಯ ಎರಡು ಹೊಸ ಪಿಸ್ಟನ್‌ಗಳನ್ನು ಕೈಯಲ್ಲಿ ತೂಗಿ ನೋಡಿದ. ಕೊನೆಗೆ ಒಪ್ಪಿದ. ಆದರೆ ಎರಡು ವರ್ಷ ಜೊತೆಗಿದ್ದದ್ದನ್ನು ಹಾಗೆಯೇ ಕಳಿಸಿಬಿಡಲು ಅವನ ಮನಸ್ಸು ಒಪ್ಪಲಿಲ್ಲ. ಅಂಗಡಿಗೆ ಅರ್ಧ ಬಾಗಿಲು ಎಳೆದು ಹಿಂದೆಯೇ ಬಂದು ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡ. "ನಂದು ಯಾವ ತೂತಿಗೆ ಹೋಗುತ್ತೆ?" ಎಂದು ಕೇಳಿ, ಮೂರನೆಯದಕ್ಕೆ ಎಂದು ಗೊತ್ತಾದ ಮೇಲೆ ಮೂರನೆಯ ಸಿಲಿಂಡರಿನ ಎದುರಿಗೇ ಕೂತ.

ಎಂಟು ಗಂಟೆಗೆ ಮಾವ ಬಂದರು. ಅವರಿಗೆ ಮಂಡಿ ನೋವು, ಬಗ್ಗುವಂತಿಲ್ಲ, ಎತ್ತುವಂತಿಲ್ಲ. ಆದ್ದರಿಂದ ಕುರ್ಚಿ ಹಾಕಿಸಿಕೊಂಡು ಹೇಳುವ ಕೆಲಸವನ್ನು ಮಾತ್ರ ಇಟ್ಟುಕೊಂಡಿದ್ದರು. ಇತ್ತ ಅಳಿಯ ಪಿಸ್ಟನ್‌ಗಳನ್ನು ತೂಕ ಮಾಡಬೇಕೆಂದ. ಮೂರೂ ಒಂದೇ ತೂಕ ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ. ಅತ್ತೆ ಅಡುಗೆಮನೆಯ ತಕ್ಕಡಿ ತಂದುಕೊಟ್ಟರು. ಎರಡು ಸರಿಯಾಗಿದ್ದವು; ಟೈಲರನದು ನಾಲ್ಕು ಗ್ರಾಮು ಹೆಚ್ಚು.

"ಕೆರೆದು ಹಾಕಿ" ಎಂದರು ಮಾವ.

"ನನ್ ಪಿಸ್ಟನ್ನ ಯಾಕೆ ಕೆರೀತೀರಿ? ಅವೆರಡು ಬಡಕಲು ಅನ್ನಿ" ಎಂದ ಟೈಲರ್.

ಅತ್ತೆ ಅದನ್ನು ಎತ್ತಿ ಮಗುಚಿ ನೆಲಕ್ಕೆ ಒಮ್ಮೆ ತಟ್ಟಿದರು. ಒಳಗಿನಿಂದ ಸೀಮೆಸುಣ್ಣದ ಚೂರು, ಎರಡು ಗುಂಡಿ, ಒಂದು ಉಂಡೆ ದಾರ ಉದುರಿದವು. ಟೈಲರ್ ಗುಂಡಿಗಳನ್ನು ಗುರುತು ಹಿಡಿದು ಜೇಬಿಗೆ ಹಾಕಿಕೊಂಡ. ತೂಕ ಸರಿಹೋಯಿತು. ಅತ್ತೆ ತಕ್ಕಡಿ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ರಿಂಗಿನ ಪ್ರಕರಣ. ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ಈ ರಿಂಗುಗಳು ಪೂರ್ತಿ ಬಳೆಯಲ್ಲ. ಒಂದು ಕಡೆ ಸೀಳಿರುತ್ತದೆ. ಬಿಸಿಗೆ ಹಿಗ್ಗಿದಾಗ ತುದಿಗೆ ತುದಿ ತಾಗಬಾರದೆಂದು ಅಲ್ಲಿ ಚೂರು ಸಂದು ಬಿಡಬೇಕು. ಟರ್ಬೊ ಇರುವ ಎಂಜಿನ್ನಿಗೆ ಬಿಸಿ ಹೆಚ್ಚು, ಸಂದೂ ಹೆಚ್ಚು ಬೇಕು. ಇಷ್ಟು ಅಳಿಯ ಪುಸ್ತಕದಲ್ಲಿ ಓದಿಕೊಂಡಿದ್ದ.

"ಸಂದು ಜಾಸ್ತಿ ಆದ್ರೆ ಗಾಳಿ ಸೋರುತ್ತೆ. ಕಮ್ಮಿ ಇಡಿ" ಎಂದರು ಮಾವ.

"ಇನ್ನೂ ಜಾಸ್ತಿ ಇಡಿ. ವಿಶಾಲ ಆದಷ್ಟೂ ಒಳ್ಳೇದು" ಎಂದರು ಲೇತ್ ಮಾಸ್ಟರು.

"ನಾವು ಬಟ್ಟೇಲಿ ಎರಡಿಂಚು ಒಳಗೆ ಮಡಚಿಟ್ಟಿರ್ತೀವಿ. ಬೇಕಾದಾಗ ಬಿಚ್ಕೋಬಹುದು" ಎಂದ ಟೈಲರ್.

ಅಳಿಯ ಮೂವರಿಗೂ ಹೂಂ ಎಂದು, ಪುಸ್ತಕದಲ್ಲಿದ್ದಷ್ಟೇ ಇಟ್ಟ. ಒಂದೊಂದೇ ರಿಂಗನ್ನು ಸಿಲಿಂಡರಿಗೆ ಇಳಿಸಿ, ತೆಳುವಾದ ಅಳತೆಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ಬಿಗಿಯಾದದ್ದನ್ನು ತನ್ನ ಹಳೆಯ ಗಡಿಯಾರದ ಅರದಿಂದ ನಯವಾಗಿ ಉಜ್ಜಿ, ಮತ್ತೆ ಇಳಿಸಿ ನೋಡುತ್ತಿದ್ದ. ಈ ನಿಧಾನ ನೋಡಿ ನೋಡಿ ಮಾವನ ಸಹನೆ ಮುಗಿಯಿತು.

"ರಿಂಗ್ ಹಾಕೋದು ಹೀಗಲ್ಲ ಅಳಿಯಂದ್ರೇ. ಕೊಡಿ ಇಲ್ಲಿ. ಎರಡು ಹೆಬ್ಬೆರಳು, ಒಂದೇ ಉಸಿರು." ಕೊನೆಯ ಪಿಸ್ಟನ್ನಿನ ಮೇಲಿನ ರಿಂಗನ್ನು ಅವರು ಎರಡು ಹೆಬ್ಬೆರಳಿನಿಂದ ಅಗಲಿಸಿದರು. ಟಕ್ ಎಂದಿತು. ಮಾವನ ಕೈಯಲ್ಲಿ ರಿಂಗಿನ ಎರಡು ತುಂಡುಗಳಿದ್ದವು.

ಗೋಡೆಯ ಗಡಿಯಾರ ಹನ್ನೊಂದು ಮುಕ್ಕಾಲು ತೋರಿಸುತ್ತಿತ್ತು.

"ಮಾಲೇ ಸರಿಯಿಲ್ಲ" ಎಂದರು ಮಾವ.

"ಎರಡು ವರ್ಷದಿಂದ ಸರಿ ಇತ್ತು" ಎಂದರು ಮಾಸ್ಟರು.

ಅಳಿಯನಿಗೆ ಅಳು ಬರುವಂತಾಯಿತು. ಅರ್ಧ ಮಿಲಿಯ ರಿಂಗು ಊರಿನಲ್ಲಿ ಇನ್ನೊಂದಿರಲಿಲ್ಲ. ಮಾಸ್ಟರು ಬೀರುವಿನ ತಳವನ್ನೆಲ್ಲ ಕೆದಕಿ, ಮುಕ್ಕಾಲು ಮಿಲಿ ದಪ್ಪದ ಪಿಸ್ಟನ್ನಿನ ಒಂದೇ ಒಂದು ಒಂಟಿ ರಿಂಗು ತಂದುಕೊಟ್ಟರು. ಅದು ಉದ್ದ ಜಾಸ್ತಿ. ಸಿಲಿಂಡರಿಗೆ ಇಳಿಯುವುದೇ ಇಲ್ಲ. ಸರಿಯಾಗಬೇಕಾದರೆ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಸವೆಸಬೇಕು. ಚೂರು ಓರೆಯಾದರೂ ಕೆಟ್ಟಿತು, ಚೂರು ಹೆಚ್ಚಾದರೂ ಕೆಟ್ಟಿತು. ಮಾಸ್ಟರು ತಮ್ಮ ಕೈಯಲ್ಲಿ ಆಗದೆಂದು ಮೊದಲೇ ಹೇಳಿಬಿಟ್ಟರು.

ಎಲ್ಲರೂ ಊಟಕ್ಕೆ ಎದ್ದರು. ಅಳಿಯ ಕಿಟಕಿಯ ಬೆಳಕಿಗೆ ಕೂತು ಉಜ್ಜತೊಡಗಿದ. ಹತ್ತು ಸಲ ಉಜ್ಜುವುದು, ಸಿಲಿಂಡರಿಗೆ ಇಳಿಸುವುದು, ನೋಡುವುದು, ಮತ್ತೆ ತೆಗೆಯುವುದು. ಹೆಣ್ಣುಮಕ್ಕಳ ಕೈಗಡಿಯಾರದ, ಸಾಸಿವೆ ಕಾಳಿನಷ್ಟು ದಪ್ಪದ ಕೀಲುಗಳನ್ನು ತಿದ್ದಿದ್ದ ಕೈ ಅದು. ಒಂಬತ್ತು ವರ್ಷ ದಪ್ಪ ಬೋಲ್ಟು ತಿರುಗಿಸಿಯೂ ಆ ಕೈ ತನ್ನ ಕಸುಬನ್ನು ಮರೆತಿರಲಿಲ್ಲ ಎಂದು ತಿಳಿದಾಗ ಅವನಿಗೆ ಎದೆ ತುಂಬಿ ಬಂತು. ಎರಡು ಗಂಟೆಗೆ ಅಳತೆಪಟ್ಟಿ ಸಂದಿನಲ್ಲಿ ಬೆಣ್ಣೆಯಲ್ಲಿ ಸರಿದಂತೆ ಸರಿಯಿತು. ಅವನು ತಟ್ಟೆಯಲ್ಲಿ ಆರಿಹೋಗಿದ್ದ ಊಟವನ್ನು ನಿಂತೇ ತಿಂದ.

ಆ ಹೊತ್ತಿನಲ್ಲಿ, ಊಟ ಮುಗಿಸಿ ಬಂದಿದ್ದ ಲೇತ್ ಮಾಸ್ಟರು ತಾವೂ ಸುಮ್ಮನಿರಬಾರದೆಂದು ಉಳಿದ ರಿಂಗುಗಳನ್ನೆಲ್ಲ ಪಿಸ್ಟನ್‌ಗಳಿಗೆ ತೊಡಿಸಿಬಿಟ್ಟಿದ್ದರು. ಇನ್ನು ಪಿಸ್ಟನ್ ಒಳಗೆ ಹೋಗಬೇಕು. ಅದಕ್ಕೆ ಹೊರಗಿನಿಂದ ರಿಂಗುಗಳನ್ನು ಅದುಮಿ ಹಿಡಿಯುವ ಒಂದು ಪಟ್ಟಿ ಬೇಕು. ಇದ್ದ ಪಟ್ಟಿಯನ್ನು ಮಾವ ಯಾರಿಗೋ ಕೊಟ್ಟಿದ್ದರು. ಯಾರಿಗೆಂದು ಅವರಿಗೆ ನೆನಪಿರಲಿಲ್ಲ, ಕೊಟ್ಟದ್ದು ತಾವೇ ಎಂಬುದೂ ಸಂಶಯವಿತ್ತು.

"ಅತ್ತೆ, ತಗಡಿನ ಡಬ್ಬ ಒಂದಿದ್ರೆ ಕೊಡ್ತೀರಾ?"

ಅತ್ತೆ ಬಿಸ್ಕತ್ತಿನ ಡಬ್ಬ ತಂದು, ಬಿಸ್ಕತ್ತುಗಳನ್ನು ಪೇಪರಿನ ಮೇಲೆ ಸುರಿದು, ಖಾಲಿ ಡಬ್ಬ ಕೊಟ್ಟರು. ಅಳಿಯ ಅದರಿಂದ ಒಂದು ಪಟ್ಟಿ ಕತ್ತರಿಸಿ, ಅಂಚು ನಯ ಮಾಡಿ, ಪಿಸ್ಟನ್ನಿಗೆ ಸುತ್ತಿ, ಪೈಪಿನ ಕ್ಲಿಪ್ಪಿನಿಂದ ಬಿಗಿದ. ಅತ್ತೆ ಅಲ್ಲೇ ನಿಂತು ನೋಡುತ್ತಿದ್ದರು.

"ಆ ಮೂರನೇದ್ರಲ್ಲಿ ಎರಡನೇ ರಿಂಗ್ ತಲೆಕೆಳಗಾಗಿದೆ ಅಲ್ವೇನ್ರೀ?" ಎಂದರು. "ಗುರುತು ಇರೋ ಕಡೆ ಮೇಲೆ ಬರ್ಬೇಕಲ್ಲ."

ಲೇತ್ ಮಾಸ್ಟರ ಮುಖ ಸಪ್ಪಗಾಯಿತು. ಮಾವ ಗೆಳೆಯನ ಮರ್ಯಾದೆ ಕಾಪಾಡಲು ಮುಂದಾದರು. "ನಿನಗ್ಯಾಕೆ ಇದೆಲ್ಲ? ಮಾಸ್ಟ್ರು ಹುಟ್ಟಿದಾಗಿಂದ ರಿಂಗ್ ಹಾಕ್ತಿದಾರೆ. ನೀನು ಒಳಗೆ ಹಾಲು ಉಕ್ಕುತ್ತೇನೋ ನೋಡು."

ಅತ್ತೆ ಒಂದು ಬಿಸ್ಕತ್ತು ತೆಗೆದುಕೊಂಡು ಒಳಗೆ ಹೋದರು. ಅಳಿಯ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಒಂದು, ಎರಡು, ಮೂರು ಪಿಸ್ಟನ್‌ಗಳನ್ನೂ ಒಳಗೆ ಇಳಿಸಿದ. ಟೈಲರ್ ಎದ್ದು ನಿಂತು ಮೂರನೆಯದಕ್ಕೆ ವಿದಾಯ ಹೇಳಿದ.

ಇಳಿಸಿದ್ದೇನೋ ಆಯಿತು, ಅನುಮಾನ ಇಳಿಯಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅತ್ತೆಯ ಮಾತು ಕಾಡಿತು. ರಿಂಗು ತಲೆಕೆಳಗಾಗಿದ್ದರೆ ಎಣ್ಣೆ ಮೇಲೇರುತ್ತದೆ, ಕಾರು ಹೊಗೆಬತ್ತಿಯಂತೆ ಹೊಗೆ ಬಿಡುತ್ತದೆ, ತಪಾಸಣೆಯವರು ಗೇಟಿನಿಂದಲೇ ವಾಪಸು ಕಳಿಸುತ್ತಾರೆ. ಮೂರು ಗಂಟೆಯಾಗಿತ್ತು. ಎಲ್ಲರೂ ಬೇಡ ಬೇಡ ಎನ್ನುತ್ತಿರುವಾಗಲೇ ಅವನು ಮೂರನೆಯ ಪಿಸ್ಟನ್ ಹೊರಕ್ಕೆ ತೆಗೆದ. ಗುರುತು ಕೆಳಗಿತ್ತು.

"ಕಾಕತಾಳೀಯ" ಎಂದರು ಮಾವ.

ಅಲ್ಲಿಂದ ಮುಂದೆ ಅಳಿಯ ಯಾರ ಮಾತಿಗೂ ಹೂಂ ಎನ್ನಲಿಲ್ಲ. ಪಿಸ್ಟನ್ ಮತ್ತೆ ಇಳಿಸಿದ. ಮೊದಲೇ ಸಿದ್ಧವಾಗಿಟ್ಟಿದ್ದ ಎಂಜಿನ್ನಿನ ತಲೆಯನ್ನು ಕೂರಿಸಿದ, ಬೆಲ್ಟು ಹಾಕಿದ, ಟರ್ಬೊ ಬಿಗಿದ. ಮಾಸ್ಟರು ಮತ್ತು ಟೈಲರ್ ಸರಪಳಿ ಎಳೆದು ಎಂಜಿನ್ನನ್ನು ಕಾರಿನ ಹೊಟ್ಟೆಗೆ ಇಳಿಸಿದರು. ಶಾಲೆಯಿಂದ ಬಂದ ಹೆಂಡತಿ ಹೆಗಲ ಚೀಲವನ್ನೂ ಇಳಿಸದೆ ಟಾರ್ಚು ಹಿಡಿದು ನಿಂತಳು. ಅವನು ಕೈ ಚಾಚಿದರೆ ಕೇಳುವ ಮೊದಲೇ ಬೇಕಾದ ಸ್ಪ್ಯಾನರ್ ಕೈಗೆ ಬರುತ್ತಿತ್ತು.

ಐದು ಗಂಟೆ ಹತ್ತು ನಿಮಿಷಕ್ಕೆ ಅವನು ಕೀಲಿ ತಿರುಗಿಸಿದ. ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಹಿಡಿಯಿತು. ಒಂದಿಷ್ಟೂ ನಡುಕವಿಲ್ಲ, ಹೊಗೆಯಿಲ್ಲ. ತನ್ನ ಕೈಯಿಂದ ಆದ ಮೊದಲ ಎಂಜಿನ್ನಿನ ಸದ್ದು ಕೇಳುತ್ತ ಅವನು ಸೀಟಿನಲ್ಲಿ ಹಾಗೆಯೇ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂತು. ಪೆಟ್ರೋಲಿನ ವಾಸನೆಗೆ ಎಂದು ಎಲ್ಲರಿಗೂ ಹೇಳಿದ.

"ಭೇಷ್ ಅಳಿಯಂದ್ರೇ! ಸ್ಟೀರಿಂಗ್ ನಿಮ್ದೇ" ಎಂದರು ಮಾವ.

ತಪಾಸಣೆಯ ಮೈದಾನ ಆರು ಕಿಲೋಮೀಟರ್ ದೂರ. ಹೊಸ ಪಿಸ್ಟನ್ ಇನ್ನೂ ಪಳಗಿಲ್ಲವಾದ್ದರಿಂದ ಅವನು ಸೈಕಲ್ಲುಗಳಿಗೆ ದಾರಿ ಬಿಟ್ಟುಕೊಡುತ್ತ ಹೋದ. ಪಕ್ಕದಲ್ಲಿ ಹೆಂಡತಿ. "ಮುಂದೆ ಎಡ" ಎಂದಳು. ಆ ರಸ್ತೆಯಲ್ಲಿ ಅವನು ಸಾವಿರ ಸಲ ಓಡಾಡಿದ್ದ, ಎಡಕ್ಕೆ ತಿರುಗದೆ ಬೇರೆ ದಾರಿಯೇ ಇರಲಿಲ್ಲ. ಆದರೂ ಅವಳು ಎಡ ಎಂದ ಮೇಲೆಯೇ ತಿರುಗಿಸಿದ. ಇಬ್ಬರೂ ನಕ್ಕರು. ಹಿಂದೆ, ಮಾಸ್ಟರು ಓಡಿಸುತ್ತಿದ್ದ ವ್ಯಾನಿನಲ್ಲಿ ಟೈಲರ್, ಮಾವ ಬರುತ್ತಿದ್ದರು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಅತ್ತೆಯೂ ಹತ್ತಿದ್ದರು.

ಮೈದಾನದಲ್ಲಿ ಒಂದು ಮೇಜು, ಅದರ ಹಿಂದೆ ತಪಾಸಣೆಯ ಅಧಿಕಾರಿ. ಬೆಳಗಿನಿಂದ ನಲವತ್ತು ಕಾರು ನೋಡಿ ಅವರಿಗೆ ಕಾರೆಂದರೆ ಸಾಕಾಗಿತ್ತು. ದೀಪ ಹಾಕಿಸಿದರು, ಹಾರ್ನ್ ಒತ್ತಿಸಿದರು, ಸೀಟ್ ಬೆಲ್ಟ್ ಎಳೆದು ನೋಡಿದರು. ಮೂರು ನಿಮಿಷದ ಕೆಲಸ. "ಸರಿ, ಈ ಫಾರಂ ತುಂಬಿ. ಮುಗೀತು" ಎಂದರು. ಆರು ಗಂಟೆಗೆ ಇನ್ನೂ ಹದಿನೈದು ನಿಮಿಷವಿತ್ತು.

ಫಾರಮ್ಮಿನ ಕೊನೆಯಲ್ಲಿ ಒಂದು ಪ್ರಶ್ನೆ: ಎಂಜಿನ್ನಿನಲ್ಲಿ ಏನಾದರೂ ಬದಲಾವಣೆ ಮಾಡಲಾಗಿದೆಯೇ? ಅದಕ್ಕೆ ಎಲ್ಲರೂ ಇಲ್ಲ ಎಂದು ಬರೆಯುತ್ತಾರೆ. ಬದಲಾವಣೆ ಮಾಡಿದವರಂತೂ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಆದರೆ ಗಡಿಯಾರ ರಿಪೇರಿಯವರದು ಬೇರೆಯೇ ಪದ್ಧತಿ. ಗಡಿಯಾರ ಬಿಚ್ಚಿ ಒಳಗೆ ಏನೇ ಮಾಡಲಿ, ಮುಚ್ಚಳದ ಒಳಬದಿಯಲ್ಲಿ ಅದನ್ನು ಗೀಚಿ, ತಾರೀಖು ಹಾಕಿ, ತಮ್ಮ ಗುರುತು ಮಾಡುತ್ತಾರೆ. ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಎಂದು. ಅಳಿಯ ಪೆನ್ನು ತೆಗೆದು ಮುತ್ತು ಪೋಣಿಸಿದಂತೆ ಬರೆದ: ಮೂರು ಸಿಲಿಂಡರುಗಳನ್ನೂ ಅರ್ಧ ಮಿಲಿಮೀಟರ್ ಕೊರೆದು, ಅರ್ಧ ಮಿಲಿ ದಪ್ಪದ ಪಿಸ್ಟನ್ ಕೂರಿಸಲಾಗಿದೆ, ಒಂದು ರಿಂಗನ್ನು ಕೈಯಿಂದ ಉಜ್ಜಿ ಸರಿಪಡಿಸಲಾಗಿದೆ. ಕೆಳಗೆ, ಕೆಲಸ ಮಾಡಿದವರು ಎಂದು ಬರೆದು ಸಹಿ ಹಾಕಿದ. ಇಷ್ಟು ಸಂತೋಷದಿಂದ ಅವನು ಮದುವೆಯ ಪತ್ರಕ್ಕೂ ಸಹಿ ಹಾಕಿರಲಿಲ್ಲ.

ಅಧಿಕಾರಿ ಓದಿದರು. ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷದ ಸೇವೆಯಲ್ಲಿ ಆ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದದ್ದು ಇದೇ ಮೊದಲು.

"ಕೊರೆದಿದೀರಾ? ಹಾಗಾದ್ರೆ ಎಂಜಿನ್ ದೊಡ್ಡದಾಯ್ತಲ್ಲ" ಎಂದು ಗೊಣಗುತ್ತ ಕ್ಯಾಲ್ಕುಲೇಟರ್ ಹುಡುಕಿದರು. "ಅಗಲ ಎಪ್ಪತ್ತಾರೂವರೆ... ಪಿಸ್ಟನ್ ಓಡಾಟ ಎಪ್ಪತ್ಮೂರು... ಮೂರು ಸಿಲಿಂಡರ್... ಎಷ್ಟಾಗುತ್ತೆ?"

"ಸಾವಿರದ ಆರೂವರೆ ಸಿಸಿ" ಎಂದಳು ಅಳಿಯನ ಹೆಂಡತಿ. ಲೆಕ್ಕದ ಮೇಡಂ, ಯಾರಾದರೂ ಎಷ್ಟು ಎಂದರೆ ಬಾಯಿ ತಡೆಯುವುದಿಲ್ಲ. ಹೇಳಿದ ಮೇಲೆ ಅವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಸಾವಿರದೊಳಗಿದ್ರೆ ಸಣ್ಣ ವರ್ಗ. ಇದು ಮೇಲಿನ ವರ್ಗಕ್ಕೆ ಹೋಗುತ್ತೆ" ಎಂದರು ಅಧಿಕಾರಿ.

"ಹದಿನೈದು ವರ್ಷದಿಂದ ಇದು ಸಣ್ಣ ವರ್ಗದ ಕಾರು ಸ್ವಾಮಿ!" ಎಂದರು ಮಾವ.

"ಸಾರ್, ಆರೂವರೆ ಸಿಸಿ" ಎಂದ ಅಳಿಯ. "ಕೆಮ್ಮಿನ ಔಷಧಿ ಒಂದು ಚಮಚ ಆಗುತ್ತೆ ಅಷ್ಟೆ."

"ಗೊತ್ತು. ನೀವು ಬರೀದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ. ಬರೆದ ಮೇಲೆ ಗೊತ್ತಿಲ್ಲ ಅನ್ನೋಕಾಗಲ್ಲ." ಅಧಿಕಾರಿ ಒಳ್ಳೆಯ ಮನುಷ್ಯರೇ. "ಕಾರು ಓಡ್ಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಆದ್ರೆ ನಿಮ್ದು ಹೊಸ ಲೈಸೆನ್ಸು. ಹೊಸಬ್ರು ಮೊದ್ಲು ಸಣ್ಣ ವರ್ಗದಲ್ಲಿ ಮೂರು ರ‍್ಯಾಲಿ ಮುಗಿಸ್ಬೇಕು, ಆಮೇಲೇ ಮೇಲಿನದು. ಮೇಲಿನ ವರ್ಗದ ಲೈಸೆನ್ಸ್ ಇರೋರು ಯಾರಾದ್ರೂ ಇದಾರಾ?"

ಮಾವ ಗಂಟಲು ಸರಿಮಾಡಿಕೊಂಡು, ಎದೆಯ ಜೇಬಿನಿಂದ ಮಡಚಿದ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಧಿಕಾರಿ ತಿರುಗಿಸಿ ನೋಡಿದರು. ಅದರ ಅವಧಿ ಮುಗಿದು ಹನ್ನೊಂದು ವರ್ಷವಾಗಿತ್ತು. ಅಲ್ಲದೆ ಅದು ದಾರಿ ಓದುವವರಿಗೆ ಕೊಡುವ ಕಾರ್ಡು.

"ಒಂದ್ನಿಮಿಷ" ಎಂದರು ಅತ್ತೆ.

ಅವರು ಪರ್ಸಿನಿಂದ ಇನ್ನೊಂದು ಕಾರ್ಡು ತೆಗೆದುಕೊಟ್ಟರು. ಅಧಿಕಾರಿ ಅದನ್ನು ಓದಿ, ಅತ್ತೆಯ ಮುಖ ನೋಡಿ, ಮತ್ತೆ ಓದಿದರು. ಆಮೇಲೆ ಎದ್ದು ನಿಂತರು. "ಮೇಲಿನ ವರ್ಗದ ಚಾಲಕಿ. ಮೂವತ್ನಾಲ್ಕು ವರ್ಷದಿಂದ ಒಂದು ವರ್ಷಾನೂ ತಪ್ಪಿಸದೆ ಮುಂದುವರಿಸಿದೀರಾ ಅಮ್ಮಾ."

ಮಾವನ ಬಾಯಿ ತೆರೆದೇ ಇತ್ತು. "ನೀನು... ಇದನ್ನ ಇನ್ನೂ ಮಾಡಿಸ್ತಿದ್ಯಾ?"

"ವರ್ಷಕ್ಕೊಂದ್ಸಲ ಕಣ್ಣು ಪರೀಕ್ಷೆಗೆ ಹೋಗ್ತೀನಿ ಅಂತಿದ್ನಲ್ಲ, ಇದಕ್ಕೇ" ಎಂದರು ಅತ್ತೆ. "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಅಮ್ಮಾ, ನೀನು ರ‍್ಯಾಲಿ ಓಡಿಸ್ತಿದ್ಯಾ?" ಎಂದಳು ಮಗಳು.

"ನೀನು ಹುಟ್ಟೋಕೆ ಮುಂಚೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ದಾರಿ ಓದ್ತಿದ್ರು. ಎಡ ಅನ್ನೋ ಕಡೆ ಬಲ ಅಂತಿದ್ರು. ನಾನು ಹೇಗೋ ನೋಡ್ಕೊಂಡು ಓಡಿಸ್ತಿದ್ದೆ."

ಮಾವ ತಮ್ಮ ಮಂಡಿಯನ್ನು ನೋಡಿಕೊಳ್ಳತೊಡಗಿದರು. ಅಧಿಕಾರಿ ಫಾರಮ್ಮಿನಲ್ಲಿ ಚಾಲಕರ ಜಾಗದಲ್ಲಿದ್ದ ಅಳಿಯನ ಹೆಸರನ್ನು ಹೊಡೆದು ಅತ್ತೆಯ ಹೆಸರು ಬರೆದು ಠಸ್ಸೆ ಒತ್ತಿದರು. ಆಗ ಸರಿಯಾಗಿ ಆರು ಗಂಟೆ. ಹೆಂಡತಿ ಅಳಿಯನ ಕೈ ಹಿಡಿದು, "ರೀ, ಬೇಜಾರು ಮಾಡ್ಕೋಬೇಡಿ" ಎಂದಳು. ಅವನಿಗೆ ಬಹಳ ಬೇಜಾರಾಗಿತ್ತು. ಅಷ್ಟರಲ್ಲಿ ಅತ್ತೆ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಸೆರಗು ಸಿಕ್ಕಿಸಿ, "ಬಾರೇ, ಒಂದು ಸುತ್ತು ನೋಡೋಣ" ಎಂದು ಮಗಳನ್ನು ಕರೆದರು.

ಕಾರು ಮೈದಾನದ ಆಚೆ ತುದಿಗೆ ಹೋಗುವಾಗ ಮೆಲ್ಲಗೇ ಹೋಯಿತು. ತಿರುವಿನಲ್ಲಿ ಹಿಂಬದಿ ಓರೆಯಾಗಿ, ಮಣ್ಣು ಚಿಮ್ಮಿಸಿ, ದಾರಕ್ಕೆ ಕಟ್ಟಿ ಎಳೆದಂತೆ ತಿರುಗಿತು. ನಲವತ್ತು ಕಾರುಗಳ ಜನ ತಿರುಗಿ ನೋಡಿದರು.

ಲೇತ್ ಮಾಸ್ಟರು ಅಳಿಯನ ಕಿವಿಯ ಹತ್ತಿರ ಬಂದರು. "ಅಳಿಯಂದ್ರೇ, ತಪ್ಪು ನಂದು. ಆದ್ರೆ ಒಂದು ದಾರಿ ಇದೆ. ಸಿಲಿಂಡರ್ ಒಳಗೆ ಉಕ್ಕಿನ ಕೊಳವೆ ಕೂರಿಸಿ ಮತ್ತೆ ಚಿಕ್ಕದು ಮಾಡ್ಬಹುದು. ಮುಂದಿನ ವರ್ಷಕ್ಕೆ ಸಾವಿರದೊಳಗೆ ತಂದು ಕೊಡ್ತೀನಿ. ಸ್ಟೀರಿಂಗ್ ನಿಮ್ದೇ."

ಅಳಿಯನ ಮುಖಕ್ಕೆ ಮತ್ತೆ ರಕ್ತ ಬಂತು. ಹೂಂ ಎನ್ನಲು ಬಾಯಿ ತೆರೆದ. ಆಗಲೇ ಕಾರು ಬಂದು ಅವರ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಿಟಕಿಯಿಂದ ಅತ್ತೆ ತಲೆ ಹೊರಗೆ ಹಾಕಿದರು. ಇಪ್ಪತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

"ಅಳಿಯಂದ್ರೇ, ಇಂಥ ಎಂಜಿನ್ನು ನಾನು ಜನ್ಮದಲ್ಲಿ ಓಡಿಸಿಲ್ಲ. ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು. ಎಲ್ರೂ ಕೇಳಿ, ಇವರು ನಮ್ಮ ಅಳಿಯಂದ್ರು, ನಮ್ಮ ಮೇಸ್ತ್ರಿ! ಇನ್ಮೇಲೆ ಪ್ರತಿ ವರ್ಷ ನಾನೇ ಓಡಿಸೋದು. ಇವರು ಕೂರಿಸಿದ ಪಿಸ್ಟನ್ ಯಾರೂ ಮುಟ್ಟೋ ಹಾಗಿಲ್ಲ. ಮಾಸ್ಟ್ರೇ, ನಿಮಗೂ ಸೇರ್ಸಿ ಹೇಳ್ತಿರೋದು."

ಒಂಬತ್ತು ವರ್ಷ ಕಾದಿದ್ದ ಮಾತು ಕೊನೆಗೂ ಬಂದಿತ್ತು. ಇಷ್ಟು ದೊಡ್ಡ ಹೊಗಳಿಕೆಗೆ ಎದುರಾಡುವುದು ಹೇಗೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. "ಆಗಲಿ ಅತ್ತೆ" ಎಂದ. ಕಾರು ತಾಯಿ ಮಗಳನ್ನು ಹೊತ್ತು ಗೇಟಿನ ಕಡೆ ಹೊರಟಿತು.

ಅವನು ವ್ಯಾನಿನ ಹತ್ತಿರ ಬಂದಾಗ ಮಾವ ಆಗಲೇ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದರು. ಅಳಿಯನನ್ನು ಕಂಡು ಸರಿದು ಜಾಗ ಮಾಡಿಕೊಟ್ಟು, ಬೆನ್ನು ತಟ್ಟಿದರು.

"ಮೊದ್ಲು ಸ್ವಲ್ಪ ಕಷ್ಟ ಆಗುತ್ತೆ ಅಳಿಯಂದ್ರೇ. ಆಮೇಲೆ ಅಭ್ಯಾಸ ಆಗುತ್ತೆ."

"ನಂಗೆ ಅಭ್ಯಾಸ ಇದೆ ಮಾವ" ಎಂದ ಅಳಿಯ. "ನೀವು ಈ ಕಡೆ ಬನ್ನಿ. ಆ ಕಡೆ ಕೂತ್ರೆ ಧೂಳು ಜಾಸ್ತಿ."